ಊಟಿಯ ಚಳಿಯಲ್ಲಿ ಕಾರಿನ ಗಾಜಿಗೆ ಹಿಮ ಹಿಡಿದರೆ ಬಿಸಿನೀರು ಸುರಿಯಬಹುದೇ?

ಕಾಸರಗೋಡಿನಿಂದ ಊಟಿಗೆ ವರ್ಗವಾಗಿ ಬಂದಿರುವ ನೀವು, ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಬಿಳಿ ಹಿಮ ಕಟ್ಟಿರುತ್ತದೆ, ಒಮ್ಮೊಮ್ಮೆ ಬಾಗಿಲೂ ತೆರೆಯುವುದಿಲ್ಲ, ಬಿಸಿನೀರು ಸುರಿಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಸುರಿಯಬೇಡಿ. ನಾನು ತಲೈಕುಂದಾ ಕಡೆಯವನು. ಡಿಸೆಂಬರ್, ಜನವರಿಯಲ್ಲಿ ನಮಗೆ ಇದು ನಿತ್ಯದ ಕೆಲಸ. ಘಾಟಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿದ ಕಲ್ಲು ಮುಂಗಾಜಿನಲ್ಲಿ ಸಾಸಿವೆಯಷ್ಟು ಪೆಟ್ಟು ಉಳಿಸಿದ್ದರೂ ಸಾಕು, ಬಿಸಿ ತಾಗಿದ ಭಾಗ ಒಮ್ಮೆಲೇ ಹಿಗ್ಗಿ ಅಲ್ಲಿಂದ ಬಿರುಕು ಅಡ್ಡಕ್ಕೆ ಹರಿದುಬಿಡುತ್ತದೆ. ಇನ್ನು ಹರಿದ ನೀರು ವೈಪರ್ ಬುಡಕ್ಕೂ ಬಾಗಿಲ ಸಂದಿಗೂ ಇಳಿದು ಅಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ.

ಎಂಜಿನ್ ಚಾಲೂ ಮಾಡಿ, ಬಿಸಿಗಾಳಿಯನ್ನು ಮುಂಗಾಜಿನ ಕಡೆಗೆ ತಿರುಗಿಸಿ. ಎಂಜಿನ್ ಕಾದಂತೆ ಗಾಜೂ ನಿಧಾನವಾಗಿ ಕಾಯುವುದರಿಂದ ಇದರಲ್ಲಿ ಅಪಾಯವಿಲ್ಲ. ಜೊತೆಗೆ ಎಸಿಯನ್ನೂ ಹಾಕಿದರೆ ಒಳಗಿನ ತೇವ ಒಣಗಿ, ಉಸಿರಿನಿಂದ ಗಾಜು ಮಂಜಾಗುವುದು ತಪ್ಪುತ್ತದೆ. ಚಳಿಯಲ್ಲಿ ಎಸಿಯೇ ಎಂದು ಹೊಸಬರು ನಗುತ್ತಾರೆ, ಆದರೂ ಹಾಕಿ. ಅವಸರವಿದ್ದರೆ, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಪಾಲಿಗೆ ನೀರು ಒಂದು ಪಾಲು ಬೆರೆಸಿ, ಸ್ಪ್ರೇ ಬಾಟಲಿಯಿಂದ ಗಾಜಿನ ಮೇಲ್ಭಾಗದಿಂದ ಕೆಳಕ್ಕೆ ಸಿಂಪಡಿಸಿದರೆ, ಬಿಳಿ ಪದರ ಅಂಚು ಬಿಟ್ಟು ಗಂಜಿಯಂತಾಗಿ ಜಾರುತ್ತದೆ. ಉಳಿದದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಸ್ಟೀಲ್ ಚಮಚ, ಬ್ಲೇಡು ಯಾವುದೂ ಬೇಡ. ಈ ದ್ರಾವಣ ಬೇಗ ಹೊತ್ತಿಕೊಳ್ಳುವಂಥದ್ದು, ಬೀಡಿ ಸೇದುತ್ತ ಸಿಂಪಡಿಸಬಾರದು. ಹಿಮ ಬಿಡುವ ಮೊದಲು ವೈಪರ್ ಹಾಕಿದರೆ ಗಾಜಿಗೆ ಅಂಟಿದ ರಬ್ಬರ್ ಹರಿಯುತ್ತದೆ, ಇಲ್ಲವೇ ಮೋಟರಿಗೆ ಪೆಟ್ಟು. ಅಂಗೈಯಗಲ ಕೆರೆದುಕೊಂಡು ಅದರ ಮೂಲಕ ನೋಡುತ್ತ ಹೊರಡುವವರನ್ನೂ ಕಂಡಿದ್ದೇನೆ. 36 ತಿರುವುಗಳ ಕಲ್ಲಟ್ಟಿ ಘಾಟಿಯಲ್ಲಿ ಇದು ಹುಚ್ಚು ಸಾಹಸ.

ಬಾಗಿಲು ಅಂಟಿದರೆ ಹಿಡಿಯನ್ನು ಜಗ್ಗಬೇಡಿ, ರಬ್ಬರ್ ಬೀಡಿಂಗ್ ಕಿತ್ತು ಬರುತ್ತದೆ. ಬದಲಿಗೆ ಬಾಗಿಲನ್ನು ಭುಜದಿಂದ ಒಳಮುಖವಾಗಿ ನಾಲ್ಕು ಕಡೆ ಒತ್ತಿದರೆ ಸಂದಿಯ ಮಂಜುಗಡ್ಡೆ ಒಡೆದು ಸಡಿಲಾಗುತ್ತದೆ. ಆಗಲೂ ಬಾರದಿದ್ದರೆ ಬಿಸಿಲು ಬೀಳುವ ಬದಿಯ ಬಾಗಿಲಿನಿಂದ ಒಳಹೋಗಿ. ಕಿಟಕಿ ಗಾಜು ಇಳಿಯದಿದ್ದರೆ ಸ್ವಿಚ್ಚನ್ನು ಒತ್ತುತ್ತಲೇ ಇರಬೇಡಿ. ಬೀಡಿಂಗನ್ನು ಒಣಬಟ್ಟೆಯಿಂದ ಒರೆಸಿ ಸಿಲಿಕೋನ್ ಸ್ಪ್ರೇ ಹಚ್ಚಿಟ್ಟರೆ ನೀರು ನಿಲ್ಲುವುದಿಲ್ಲ; ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಊದಿ ಕೆಡುತ್ತದೆ. ನಿಜ ಹೇಳಬೇಕೆಂದರೆ, ಇಲ್ಲಿನ ಚಳಿಗೆ ಬಾಗಿಲು ಅಂಟುವುದು ಹೆಚ್ಚಾಗಿ ಸಂಜೆ ಕಾರು ತೊಳೆದು ಒರೆಸದೆ ಬಿಟ್ಟವರಿಗೇ.

ಮೋಡವಿಲ್ಲದ, ಗಾಳಿ ಬೀಸದ ರಾತ್ರಿ ಗಾಜಿನ ಶಾಖ ನೇರವಾಗಿ ಆಕಾಶಕ್ಕೆ ಹೋಗಿ, ಗಾಳಿಯ ಉಷ್ಣತೆ 2-3 ಡಿಗ್ರಿ ಇದ್ದರೂ ಗಾಜು ಸೊನ್ನೆಗಿಂತ ಕೆಳಗಿಳಿಯುತ್ತದೆ. ಆದ್ದರಿಂದ ಕಾರನ್ನು ಶೀಟಿನ ಮಾಡಿನ ಕೆಳಗೆ ನಿಲ್ಲಿಸಿದರೆ ಅರ್ಧ ಕೆಲಸ ಉಳಿಯಿತು. ಮಾಡಿಲ್ಲದಿದ್ದರೆ ಕಾರಿನ ಕವರ್ ಹೊದಿಸಿ, ವೈಪರ್‌ಗಳನ್ನು ಎತ್ತಿ ನಿಲ್ಲಿಸಿ. ಗೋಣಿಚೀಲ ಹಾಸಿದರೆ ಅದು ತೇವ ಹೀರಿ ಗಾಜಿಗೇ ಅಂಟಿಕೊಳ್ಳುತ್ತದೆ. ಶೆಡ್ಡಿಗೆ ಬಾಗಿಲಿದ್ದರೆ ಅದನ್ನು ಪೂರ್ತಿ ತೆರೆದು, ಕಾರನ್ನು ಹೊರಗೆ ತಂದ ಮೇಲೆಯೇ ಎಂಜಿನ್ ಕಾಯಿಸಿ, ಏಕೆಂದರೆ ಮುಚ್ಚಿದ ಶೆಡ್ಡಿನಲ್ಲಿ ತುಂಬುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.