ಗಂಡನ ಹಿಂಸೆಯಿಂದ ಹೊರಬಂದ ನನ್ನ ಕಥೆಯನ್ನು ಸಂಘದ ಸಭೆಯಲ್ಲಿ ಹೇಳಬಹುದೇ?

ಕೇಸು ಇನ್ನೂ ನಡೆಯುತ್ತಿದೆ, ಸ್ತ್ರೀಶಕ್ತಿ ಸಂಘದವರು ಮಾತನಾಡಲು ಕರೆದಿದ್ದಾರೆ, ಅಣ್ಣ ಮಾತ್ರ ‘ಮನೆಯ ಮಾನ ಬೀದಿಗೆ ತರಬೇಡ’ ಎನ್ನುತ್ತಿದ್ದಾನೆ ಎಂದು ಬರೆದಿದ್ದೀರಿ. ಹೋಗಿ. ಆದರೆ ನಾನು ಮೊದಲ ಸಲ ಮಾತನಾಡಿದಂತೆ ಮಾತನಾಡಬೇಡಿ.

ಆ ದಿನ ನಾನು ಬರೀ ಹೊಡೆತಗಳನ್ನೇ ಹೇಳಿದೆ. ಬೆಲ್ಟು, ಕಾದ ಸೌಟು, ಮುರಿದ ಬೆರಳು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಒಬ್ಬಾಕೆ ಕಾಫಿ ತಂದುಕೊಟ್ಟಳು, ಎಲ್ಲರೂ ಎದ್ದು ಮನೆಗೆ ಹೋದರು. ಯಾರೂ ಏನೂ ಕೇಳಲಿಲ್ಲ. ಕೇಳುವುದೇನಿತ್ತು? ಹೊಡೆತದ ವಿಷಯ ಅಲ್ಲಿದ್ದ ಕೆಲವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೊಸಿಲು ದಾಟಿ ಎಲ್ಲಿಗೆ ಹೋಗುವುದು ಎಂಬುದು ಗೊತ್ತಿರಲಿಲ್ಲ.

ಎರಡನೆಯ ಸಲ ಆ ದಾರಿಯನ್ನೇ ಹೇಳಿದೆ. ಆಧಾರ್, ರೇಷನ್ ಕಾರ್ಡ್, ಮಗಳ ಜನನ ಪತ್ರ ಇವುಗಳ ಜೆರಾಕ್ಸ್ ಪ್ರತಿಗಳನ್ನು ರವಿಕೆ ಹೊಲಿಯುವಾಕೆಯ ಬಳಿ ಬಟ್ಟೆಗಂಟಿನೊಳಗೆ ತಿಂಗಳ ಮೊದಲೇ ಇಟ್ಟಿದ್ದೆ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯಲ್ಲಿ ರಕ್ಷಣಾಧಿಕಾರಿ ಎಂಬುವರಿದ್ದಾರೆ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಆ ಕೆಲಸ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದ್ದು. ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಕಚೇರಿ. ‘ಅಂಗನವಾಡಿ ಕೆಲಸವಿದೆ’ ಎಂದು ಹೊರಟರೆ ಅತ್ತೆಗೂ ಅನುಮಾನ ಬರುವುದಿಲ್ಲ. ನಾವು ಹೇಳಿದ್ದನ್ನು ವರದಿಯಾಗಿ ಬರೆದು ಅವರು ಮ್ಯಾಜಿಸ್ಟ್ರೇಟರಿಗೆ ಕಳುಹಿಸುತ್ತಾರೆ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ನಮಗಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯಿದೆ, ಹೆಂಗಸರಿಗೆ ಆದಾಯ ಕೇಳದೆ ಉಚಿತ ನೆರವು ಕೊಡಬೇಕು.

ಅಂದು ತಟ್ಟೆ ತೊಳೆಯುವ ನೆಪದಲ್ಲಿ ಒಬ್ಬಳು ಹತ್ತಿರ ಬಂದಳು. ‘ಅಕ್ಕಾ, ಪಕ್ಕದ ಮನೆಯವಳಿಗೆ ಬೇಕಿತ್ತು, ಆ ಕಚೇರಿ ಎಷ್ಟು ಗಂಟೆಗೆ ತೆರೆಯುತ್ತದೆ?’ ಪಕ್ಕದ ಮನೆಯವಳು ಯಾರೆಂದು ನಾನು ಕೇಳಲಿಲ್ಲ.

ನಿಮ್ಮ ಕೇಸು ಮುಗಿದಿಲ್ಲವಾದ್ದರಿಂದ ಮೊದಲು ವಕೀಲರನ್ನು ಕೇಳಿ. ಸಭೆಯಲ್ಲಿ ತಾರೀಖು ತಪ್ಪಿ ಹೇಳಿದರೆ ಅದೇ ಪಾಟೀಸವಾಲಿನಲ್ಲಿ ಎದುರಾಗಬಹುದು. ಗಂಡನ ಹೆಸರು, ಮಕ್ಕಳ ಶಾಲೆ, ಈಗಿನ ವಿಳಾಸ ಬೇಡವೇ ಬೇಡ. ಮೊಬೈಲುಗಳನ್ನು ಚೀಲದಲ್ಲಿಡಲು ಹೇಳಿ. ನನ್ನ ಮಾತಿನ ವಿಡಿಯೊ ಮೈದುನನ ಕೈಗೆ ಸಿಕ್ಕಿ ಒಂದು ವಾರ ನಿದ್ದೆಯಿರಲಿಲ್ಲ. ಇನ್ನೊಂದು, ಯಾರಿಗೂ ‘ಇವತ್ತೇ ಬಿಟ್ಟು ಬಾ’ ಎನ್ನಬೇಡಿ. ಬಿಟ್ಟು ಹೊರಡುವ ಹೊತ್ತೇ ಅತಿ ಅಪಾಯದ ಹೊತ್ತು. ನಾನು ಒಮ್ಮೆ ಹಾಗೆ ಅಂದು ಇಂದಿಗೂ ಪಶ್ಚಾತ್ತಾಪ ಪಡುತ್ತಿದ್ದೇನೆ.

ಅಣ್ಣನ ವಿಷಯಕ್ಕೆ ಬಂದರೆ, ನನ್ನ ಚಿಕ್ಕಪ್ಪನೂ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದಿದ್ದರು. ಉಣ್ಣುವ ತಟ್ಟೆಯೇ ಮುಖಕ್ಕೆ ಬಂದು ಬೀಳುವ ಮನೆಯ ಗಾದೆಯಲ್ಲ ಅದು.

ಸಹಾಯವಾಣಿಯ ಚೀಟಿ ಹಂಚಬೇಡಿ, ಗಂಡನ ಕೈಗೆ ಸಿಕ್ಕರೆ ಕಷ್ಟ. ಮಹಿಳಾ ಸಹಾಯವಾಣಿ 181. ನಾನು ಎಲ್ಲರಿಂದಲೂ ಮೂರು ಸಲ ಹೇಳಿಸುತ್ತೇನೆ, ಮಗ್ಗಿ ಹೇಳಿಸಿದಂತೆ.