ಚಾಮ್ ಜನರ ರಾಜಧಾನಿ ವಿಜಯ ಏನಾಯ್ತು?

ಪ್ರಶ್ನೆ: ಸರ್, ನಾವು ವಿಯೆಟ್ನಾಂಗೆ ಹೊರಟಿದ್ದೇವೆ. ಹಿಂದೆ ಅಲ್ಲಿ ಚಂಪಾ ರಾಜ್ಯ ಆಳಿದ ಚಾಮ್ ಜನರ ಹಳೆಯ ರಾಜಧಾನಿ ವಿಜಯದಲ್ಲಿ ಈಗ ನೋಡೋದಕ್ಕೆ ಏನಾದರೂ ಉಳಿದಿದೆಯಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದೆ, ಖಂಡಿತ ಹೋಗಿ. ಕ್ವಿ ನ್ಹೋನ್ ಪಟ್ಟಣದಿಂದ ಕಾರಿನಲ್ಲಿ ಒಂದು ಗಂಟೆಯೂ ಬೇಡ. ಅರಮನೆ ಸಿಗುವುದಿಲ್ಲ. ಆದರೆ ಗುಡ್ಡದ ಮೇಲೆ ಕಾನ್ ತಿಯೆನ್ ಎಂಬ ಇಟ್ಟಿಗೆಯ ಗುಡಿಗೋಪುರ ಇನ್ನೂ ನಿಂತಿದೆ. ನಾನು ಹೋದಾಗ ಅಲ್ಲಿ ಬೇರೆ ಪ್ರವಾಸಿಗರೇ ಇರಲಿಲ್ಲ. ಇಷ್ಟು ದೊಡ್ಡ ಊರನ್ನು ಜನ ಹೀಗೆ ಮರೆಯಬಾರದು ಅನ್ನಿಸಿತು.

982ರಲ್ಲಿ ವಿಯೆಟ್ (ಇಂದಿನ ವಿಯೆಟ್ನಾಮರ ಪೂರ್ವಜರ) ಸೇನೆ ಚಾಮರ ಆಗಿನ ರಾಜಧಾನಿ, ಉತ್ತರದ ಇಂದ್ರಪುರವನ್ನು ಹಾಳುಮಾಡಿತು. ಆಮೇಲೆ ಚಾಮರು ದಕ್ಷಿಣಕ್ಕೆ ಸರಿದು ವಿಜಯದಲ್ಲಿ ನೆಲೆಯಾದರು. ಹತ್ತಿರವೇ ಥಿ ನೈ ಬಂದರು ಇತ್ತು, ವ್ಯಾಪಾರ ಬೆಳೆಯಿತು. ಪಕ್ಕದ ಕಾಂಬೋಡಿಯಾದ ಖ್ಮೇರರು ಕೆಲಕಾಲ ಊರನ್ನು ಹಿಡಿದಿದ್ದರು.

ನನಗೆ ಜಾಸ್ತಿ ಇಷ್ಟವಾಗುವುದು ಚೆ ಬೊಂಗ್ ಙಾ ಎಂಬ ಚಾಮ್ ರಾಜನ ಕಾಲ. 1371ರಲ್ಲಿ ಅವನ ಸೈನ್ಯ ಥಾಂಗ್ ಲೊಂಗ್‌ಗೆ, ಅಂದರೆ ವಿಯೆಟ್ ರಾಜಧಾನಿಯಾಗಿದ್ದ ಇಂದಿನ ಹನೋಯ್‌ಗೇ ನುಗ್ಗಿ ಲೂಟಿ ಮಾಡಿತು. 1377ರಲ್ಲಿ ವಿಯೆಟ್ ಚಕ್ರವರ್ತಿ ಚಾನ್ ಜುಯೆ ತೊಂಗ್ ತಾನೇ ದಂಡು ಕಟ್ಟಿಕೊಂಡು ವಿಜಯಕ್ಕೆ ಬಂದ. ಚಾಮರು ಹೊಂಚು ಹಾಕಿದ್ದರು. ಅವನು ಅಲ್ಲೇ ಸತ್ತ. 1390ರಲ್ಲಿ ಚೆ ಬೊಂಗ್ ಙಾ ಕೂಡ ಯುದ್ಧದಲ್ಲೇ ಪ್ರಾಣ ಬಿಟ್ಟ.

1471ರಲ್ಲಿ ಲೆ ಥಾನ್ ತೊಂಗ್ ಎಂಬ ವಿಯೆಟ್ ಚಕ್ರವರ್ತಿ ವಿಜಯವನ್ನು ಗೆದ್ದ. 30 ಸಾವಿರಕ್ಕೂ ಹೆಚ್ಚು ಜನ ಸೆರೆಯಾದರು ಎಂದು ವಿಯೆಟ್ನಾಮರ ಚರಿತ್ರೆಯೇ ಬರೆದಿಟ್ಟಿದೆ. ಓದುವಾಗ ಸಂಕಟವಾಗುತ್ತದೆ.

ಆದರೆ ಚಾಮರು ಅಳಿಯಲಿಲ್ಲ. ದಕ್ಷಿಣದ ಪಾಂಡುರಂಗದಲ್ಲಿ ಅವರ ರಾಜ್ಯ 1832ರವರೆಗೂ ಇತ್ತು. ಅದೇ ಇಂದಿನ ಫಾನ್ ರಾಂಗ್. ಸಮಯವಿದ್ದರೆ ಅಲ್ಲಿಗೂ ಹೋಗಿ. ಅಲ್ಲಿನ ಪೊ ಕ್ಲೊಂಗ್ ಗರಾಯ್ ಗುಡಿಯಲ್ಲಿ ಚಾಮರು ಈಗಲೂ ಪೂಜೆ ಮಾಡುತ್ತಾರೆ.