ಬ್ರಿಟಲ್ ಬೋನ್ ಕಾಯಿಲೆಯಲ್ಲಿ ಮೂಳೆಯ ಜೀವಕೋಶದೊಳಗೆ ಆಗುವುದೇನು?

ನೀವು ಕೇಳಿರುವುದು ಎರಡು ವಿಷಯ. ಮಗುವಿಗೆ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ (ಮೂಳೆ ಸುಲಭವಾಗಿ ಮುರಿಯುವ ಬ್ರಿಟಲ್ ಬೋನ್ ಕಾಯಿಲೆ) ಇದೆ, ಕ್ಯಾಲ್ಸಿಯಂ ತಪ್ಪದೆ ಕೊಡುತ್ತಿದ್ದರೂ ಮೂಳೆ ಮುರಿಯುವುದು ನಿಂತಿಲ್ಲ, ಏಕೆ? ಜೀನ್ ವರದಿಯಲ್ಲಿ 'ಗ್ಲೈಸಿನ್ ಬದಲಾವಣೆ' ಎಂದಿದೆ, ಅದಕ್ಕೂ ಮೂಳೆಯ ಕೋಶಗಳಿಗೂ ಏನು ಸಂಬಂಧ? ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ತಾನಾಗಿಯೇ ತಿಳಿಯುತ್ತದೆ.

ಮೂಳೆಯೆಂದರೆ ಬರೀ ಸುಣ್ಣವಲ್ಲ. ಕೊಲಾಜನ್ ಎಂಬ ಪ್ರೋಟೀನಿನ ನಾರುಗಳ ಮೇಲೆ ಖನಿಜ ಕೂತಿರುತ್ತದೆ. ಗಡಸುತನ ಖನಿಜದ್ದು, ಪೆಟ್ಟು ಬಿದ್ದಾಗ ಸ್ವಲ್ಪ ಬಾಗಿ ತಾಳಿಕೊಳ್ಳುವ ಗುಣ ನಾರಿನದು. ಈ ಕಾಯಿಲೆಯಲ್ಲಿ ಕೆಟ್ಟಿರುವುದು ನಾರು. ಹೆಚ್ಚಿನವರಲ್ಲಿ ತಪ್ಪು ಇರುವುದು ಸಿಒಎಲ್1ಎ1 ಅಥವಾ ಸಿಒಎಲ್1ಎ2 ಎಂಬ ಜೀನಿನಲ್ಲಿ, ಅಂದರೆ ಕೊಲಾಜನ್ ಎಳೆಗಳನ್ನು ಹೇಗೆ ಮಾಡಬೇಕೆಂದು ಹೇಳುವ ಜೀನುಗಳಲ್ಲೇ.

ಒಂದು ಕೊಲಾಜನ್ ಅಣು ಮೂರೆಳೆಯ ಹುರಿ: ಸಿಒಎಲ್1ಎ1 ಜೀನು ಹೇಳುವ ಆಲ್ಫಾ-1 ಎಳೆ ಎರಡು, ಸಿಒಎಲ್1ಎ2 ಹೇಳುವ ಆಲ್ಫಾ-2 ಎಳೆ ಒಂದು. ಪ್ರತಿ ಎಳೆಯಲ್ಲೂ ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಅಮೈನೋ ಆಮ್ಲಗಳು (ಪ್ರೋಟೀನಿನ ಮಣಿಗಳು) ಹುರಿಯ ಭಾಗದಲ್ಲಿರುತ್ತವೆ, ಪ್ರತಿ ಮೂರನೆಯದು ಗ್ಲೈಸಿನ್ ಆಗಿರಲೇಬೇಕು. ಹುರಿಯ ನಡುವೆ ಇರುವ ಜಾಗ ಅಷ್ಟು ಇಕ್ಕಟ್ಟು. ಅಲ್ಲಿ ಹಿಡಿಸುವುದು ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದಾದ ಗ್ಲೈಸಿನ್ ಮಾತ್ರ. ಆ ಜಾಗಕ್ಕೆ ಸೆರಿನ್, ಆರ್ಜಿನಿನ್, ಆಸ್ಪಾರ್ಟಿಕ್ ಆಮ್ಲದಂಥದ್ದು ಬಂದು ಕೂತರೆ ಹೊಸೆತ ಅಲ್ಲಿಗೆ ತಡವರಿಸುತ್ತದೆ.

ಹೊಸೆತ ನಡೆಯುವುದು ಎಳೆಯ ಕೊನೆಯಿಂದ ಮೊದಲಿನ ಕಡೆಗೆ. ತಡೆ ಬಿದ್ದಷ್ಟು ಹೊತ್ತು ಮುಂದಿನ ಭಾಗ ಬಿಚ್ಚಿಕೊಂಡೇ ಇರುತ್ತದೆ. ಬಿಚ್ಚಿದ ಎಳೆ ಸಿಕ್ಕಿದರೆ ಅಲ್ಲಿನ ಕಿಣ್ವಗಳು ಸುಮ್ಮನಿರುವುದಿಲ್ಲ. ಎಳೆಯಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಗಳಿಗೆ ಹೈಡ್ರಾಕ್ಸಿಲ್ ಗುಂಪನ್ನೂ ಅದರ ಮೇಲೆ ಸಕ್ಕರೆಯನ್ನೂ ಅಂಟಿಸುತ್ತಲೇ ಹೋಗುತ್ತವೆ. ಹೀಗೆ ಹೆಚ್ಚು ಹೊರೆ ಹೊತ್ತ ಕೊಲಾಜನ್, ಪ್ರಯೋಗಾಲಯದಲ್ಲಿ ಪ್ರೋಟೀನ್‌ಗಳನ್ನು ಬೇರ್ಪಡಿಸುವ ಜೆಲ್‌ನಲ್ಲಿ ನಿಧಾನವಾಗಿ ಚಲಿಸುತ್ತದೆ. ಚರ್ಮದ ಕೋಶಗಳನ್ನು ಬೆಳೆಸಿ ಇದನ್ನೇ ನೋಡಿ ರೋಗ ಪತ್ತೆ ಮಾಡುವುದು ಹಳೆಯ ಪದ್ಧತಿ.

ಇನ್ನು ಕೋಶದ ಪಾಡು. ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ನ ಮುಖ್ಯ ಕೆಲಸವೇ ಕೊಲಾಜನ್ ತಯಾರಿಸಿ ಹೊರಗೆ ಕಳಿಸುವುದು. ಹೊಸೆತ ಸರಿಯಾಗದ ಅಣುಗಳು, ಕೋಶದೊಳಗೆ ಪ್ರೋಟೀನ್ ಮಡಿಸುವ ಜಾಗವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಚಪ್ಪಟೆ ಚೀಲಗಳು ಊದಿಕೊಂಡು ಗುಳ್ಳೆಗಳಂತೆ ಕಾಣುತ್ತವೆ. ಕೋಶ ಉತ್ಪಾದನೆ ತಗ್ಗಿಸುತ್ತದೆ, ಪ್ರೋಟೀನ್ ಮಡಿಸಲು ನೆರವಾಗುವ ಅಣುಗಳನ್ನು ಹೆಚ್ಚಿಸುತ್ತದೆ, ಕೆಟ್ಟದ್ದನ್ನು ಒಡೆದು ಹಾಕುತ್ತದೆ. ಆದರೂ ಒತ್ತಡ ಇಳಿಯದಿದ್ದರೆ ಆಸ್ಟಿಯೋಬ್ಲಾಸ್ಟ್ ಪೂರ್ತಿ ಬಲಿಯುವುದಿಲ್ಲ. ಕೆಲವು ಸತ್ತೂ ಹೋಗುತ್ತವೆ. ಹೇಗೋ ಹೊರಬಿದ್ದ ಕೆಟ್ಟ ಅಣುಗಳು ಒಳ್ಳೆಯವುಗಳ ನಡುವೆ ಸೇರಿ ನಾರಿನ ಜೋಡಣೆಯನ್ನೇ ಕೆಡಿಸುತ್ತವೆ.

ಇಲ್ಲಿ ಒಂದು ಲೆಕ್ಕ ನೋಡಿ. ಆಲ್ಫಾ-1 ಜೀನಿನ ಎರಡು ಪ್ರತಿಗಳಲ್ಲಿ ಒಂದು ಪೂರಾ ನಿಷ್ಕ್ರಿಯವಾಗಿದ್ದರೆ ಕೊಲಾಜನ್ ಅರ್ಧ ಆಗುತ್ತದೆ, ಆದರೆ ಆದದ್ದೆಲ್ಲ ಒಳ್ಳೆಯದೇ. ಇವರಿಗೆ ಸಾಮಾನ್ಯವಾಗಿ ಈ ಕಾಯಿಲೆಯ ಸೌಮ್ಯವಾದ ಒಂದನೇ ಬಗೆ ಬರುತ್ತದೆ. ಅದೇ ಜೀನಿನಲ್ಲಿ ಗ್ಲೈಸಿನ್ ಬದಲಾದರೆ, ಅಣುವಿಗೆ ಬೇಕಾದ ಎರಡು ಆಲ್ಫಾ-1 ಎಳೆಗಳೂ ಒಳ್ಳೆಯವೇ ಆಗಿ ಬೀಳುವ ಸಂಭವ ನಾಲ್ಕರಲ್ಲಿ ಒಂದು. ಉಳಿದ ಮೂರು ಪಾಲಿನಲ್ಲಿ ಒಂದಾದರೂ ಕೆಟ್ಟ ಎಳೆ. ಆಲ್ಫಾ-2 ಎಳೆ ಒಂದೇ ಇರುವುದರಿಂದ ಅಲ್ಲಿ ಕೆಡುವುದು ಅರ್ಧ ಪಾಲು. 'ಒಂದೇ ಅಕ್ಷರ ಬದಲಾಗಿದೆ' ಎಂಬುದು 'ಅರ್ಧ ಜೀನೇ ಇಲ್ಲ' ಎಂಬುದಕ್ಕಿಂತ ಹಗುರವಾಗಿ ಕೇಳಿಸುತ್ತದೆ, ಮೂಳೆಯ ಮಟ್ಟಿಗೆ ಮಾತ್ರ ಬಹುತೇಕ ಉಲ್ಟಾ.

ನಿಮ್ಮ ವರದಿಯಲ್ಲಿರುವ ಸಂಖ್ಯೆಯನ್ನು ಹೀಗೆ ಓದಿ. ಅದು ಎಳೆಯ ಮೊದಲ ಅಮೈನೋ ಆಮ್ಲದಿಂದಲೇ ಎಣಿಸಿದ್ದು, ಹುರಿಯ ಭಾಗ ಶುರುವಾಗುವುದು ಸ್ವಲ್ಪ ಆಮೇಲೆ. ಆಲ್ಫಾ-1 ಆದರೆ ಅದರಿಂದ 178 ಕಳೆಯಿರಿ, ಆಲ್ಫಾ-2 ಆದರೆ 90. ಬರುವುದು ಹುರಿಯೊಳಗಿನ ಜಾಗ. ಉದಾಹರಣೆಗೆ ಆಲ್ಫಾ-1ರಲ್ಲಿ 'ಗ್ಲೈ560ಸೆರ್' ಎಂದರೆ ಹುರಿಯ 382ನೇ ಜಾಗದಲ್ಲಿ ಗ್ಲೈಸಿನ್ ಬದಲು ಸೆರಿನ್ ಬಂದಿದೆ. ಹಳೆಯ ಲೇಖನಗಳಲ್ಲಿ ಇದೇ ಬದಲಾವಣೆ 382 ಎಂದೇ ಇರುತ್ತದೆ, ಗಾಬರಿಯಾಗಬೇಡಿ. ಆಲ್ಫಾ-1ರಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಹೊಸೆತ ಬೇಗ ತಡೆಯುತ್ತದೆ, ಕಾಯಿಲೆಯೂ ತೀವ್ರವಾಗುವ ಒಲವಿದೆ. ಆದರೆ ಇದು ಒಲವು ಮಾತ್ರ. ಒಂದೇ ಬದಲಾವಣೆ ಇರುವ ಒಂದೇ ಮನೆಯವರಲ್ಲೂ ಮೂಳೆ ಮುರಿದ ಲೆಕ್ಕ ಬೇರೆಬೇರೆ ಇರುತ್ತದೆ. ಸಂಖ್ಯೆ ನೋಡಿ ಮಗುವಿನ ಮುಂದಿನ ಬದುಕನ್ನು ತೀರ್ಮಾನಿಸಬೇಡಿ.

ಈಗ ಕ್ಯಾಲ್ಸಿಯಂ. ಈ ಮೂಳೆಯ ಬಯಾಪ್ಸಿಯಲ್ಲಿ ಕಾಣುವುದು ಅಚ್ಚರಿಯ ಸಂಗತಿ: ನಾರು ಕಮ್ಮಿ, ಆದರೆ ಇರುವ ನಾರಿನ ಮೇಲೆ ಖನಿಜ ಸಾಮಾನ್ಯಕ್ಕಿಂತ ಒತ್ತಾಗಿ ತುಂಬಿರುತ್ತದೆ. ಹಾಗಾಗಿ ಅದು ಬಾಗದೆ, ಸುಣ್ಣದ ಕಡ್ಡಿಯಂತೆ ಥಟ್ಟನೆ ಮುರಿಯುತ್ತದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಅದು ಕಮ್ಮಿ ಬರುವುದು ಒಟ್ಟು ಮೂಳೆಯೇ ತೆಳ್ಳಗಿರುವುದರಿಂದ. ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆಯಾಗದಂತೆ ನೋಡಿಕೊಳ್ಳಬೇಕು, ಸರಿ. ಅದಕ್ಕಿಂತ ಹೆಚ್ಚು ಕೊಟ್ಟರೆ ಕೊಲಾಜನ್ ಸರಿಹೋಗುವುದಿಲ್ಲ, ಮೂತ್ರಪಿಂಡಕ್ಕೆ ಹೊರೆ.

ಮೂಳೆ ತೆಳ್ಳಗಾಗುವುದಕ್ಕೆ ಇನ್ನೊಂದು ಕೋಶವೂ ಕಾರಣ. ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳು ಇಲ್ಲಿ ಹೆಚ್ಚು ಚುರುಕು. ಕೆಟ್ಟ ನಾರಿನ ನಡುವೆ ಟಿಜಿಎಫ್-ಬೀಟಾ ಎಂಬ ಸಂಕೇತ ಮಿತಿಮೀರುತ್ತದೆಂದು ಇಲಿಗಳಲ್ಲಿ ತೋರಿಸಿದ್ದಾರೆ. ಆಸ್ಟಿಯೋಬ್ಲಾಸ್ಟ್‌ಗಳ ಸಂಖ್ಯೆಯೇನೂ ಕಮ್ಮಿ ಇರುವುದಿಲ್ಲ, ಒಂದೊಂದು ಕಟ್ಟುವ ಮೂಳೆ ಕಮ್ಮಿ. ಕಟ್ಟುವುದಕ್ಕಿಂತ ಕೆಡವುವುದು ಮುಂದೆ ಓಡುತ್ತದೆ.

ಪಾಮಿಡ್ರೊನೇಟ್, ಜೊಲೆಡ್ರೊನಿಕ್ ಆಮ್ಲದಂಥ ಬಿಸ್‌ಫಾಸ್ಫೊನೇಟ್ ಮದ್ದುಗಳು ಕೆಲಸ ಮಾಡುವುದು ಇದೇ ಜಾಗದಲ್ಲಿ. ಖನಿಜಕ್ಕೆ ಅಂಟಿಕೊಂಡಿದ್ದು, ಆಸ್ಟಿಯೋಕ್ಲಾಸ್ಟ್ ಆ ಮದ್ದನ್ನು ನುಂಗಿದಾಗ ಆ ಕೋಶದ ಒಂದು ಕಿಣ್ವವನ್ನು ತಡೆದು ಅದರ ಕೆಲಸ ನಿಲ್ಲಿಸುತ್ತವೆ. ಬೆಳೆಯುವ ಮಕ್ಕಳಲ್ಲಿ ಇದರಿಂದ ಮೂಳೆಯ ಹೊರಪದರ ದಪ್ಪವಾಗುತ್ತದೆ, ಕುಸಿದ ಕಶೇರುಗಳು ಎತ್ತರ ಪಡೆಯುತ್ತವೆ. ಆದರೆ ನಾರಿನ ದೋಷ ಹಾಗೇ ಉಳಿಯುತ್ತದೆ. ಮೂಳೆ ಹೆಚ್ಚುತ್ತದೆ, ಗುಣ ಬದಲಾಗುವುದಿಲ್ಲ. ಎಕ್ಸ್‌ರೇಯಲ್ಲಿ ಮೊಣಕಾಲಿನ ಬಳಿ ಒಂದರ ಮೇಲೊಂದು ಬಿಳಿ ಗೆರೆಗಳು ಕಂಡರೆ ಅವು ಮುರಿತವಲ್ಲ, ಒಂದೊಂದು ಡೋಸಿನ ಗುರುತು. ಮೊದಲ ಡ್ರಿಪ್ ಆದಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರುವುದು ಸಾಮಾನ್ಯ. ರಕ್ತದ ಕ್ಯಾಲ್ಸಿಯಂ ಇಳಿಯಬಹುದಾದ್ದರಿಂದ ಡ್ರಿಪ್‌ಗೆ ಮುಂಚೆ ಅದನ್ನೂ ವಿಟಮಿನ್ ಡಿಯನ್ನೂ ಪರೀಕ್ಷಿಸಿರಬೇಕು. ಕ್ಯಾಲ್ಸಿಯಂ ನಿಜಕ್ಕೂ ಬೇಕಾಗುವ ಹೊತ್ತು ಅದು.

ಹೆತ್ತವರಿಗೆ ಯಾರೂ ಸಾಕಷ್ಟು ಒತ್ತಿ ಹೇಳದ ಮಾತೊಂದಿದೆ. ಮೂಳೆಯೊಳಗೆ ಹೂತಿರುವ ಆಸ್ಟಿಯೋಸೈಟ್‌ಗಳು ಭಾರವನ್ನು ಗ್ರಹಿಸಿ, ಎಲ್ಲಿ ಕಟ್ಟಬೇಕು ಎಲ್ಲಿ ಕೆಡವಬೇಕು ಎಂದು ಸೂಚಿಸುತ್ತವೆ. ಮಗುವನ್ನು ಭಯದಿಂದ ತಿಂಗಳುಗಟ್ಟಲೆ ಅಲುಗಾಡಿಸದೆ ಇಟ್ಟರೆ ಆ ಸೂಚನೆ ನಿಂತು ಮೂಳೆ ಇನ್ನಷ್ಟು ಕರಗುತ್ತದೆ, ಮುರಿತಕ್ಕೆ ಕಟ್ಟಿದ ಪಟ್ಟಿ ಬಿಚ್ಚಿದ ಕೂಡಲೇ ಮತ್ತೆ ಮುರಿಯಬಹುದು. ಪಟ್ಟಿ ಹಗುರವಾಗಿರಲಿ, ಬೇಕಾದಷ್ಟೇ ದಿನ ಇರಲಿ, ಫಿಸಿಯೋಥೆರಪಿ ಬೇಗ ಶುರುವಾಗಲಿ. ನೀರಿನಲ್ಲಿ ಮಾಡಿಸುವ ವ್ಯಾಯಾಮ ಒಳ್ಳೆಯ ಆರಂಭ. ಎತ್ತುವಾಗ ಕಂಕುಳಲ್ಲಿ ಹಿಡಿದೆತ್ತಬೇಡಿ. ಒಂದು ಕೈ ತಲೆ-ಭುಜದಡಿ, ಇನ್ನೊಂದು ಪೃಷ್ಠದಡಿ, ಬೆರಳು ಅಗಲಿಸಿ. ಡೈಪರ್ ಬದಲಿಸುವಾಗ ಕಾಲ್ಮಣಿಕಟ್ಟು ಹಿಡಿದು ಎತ್ತಲೇಬಾರದು.

ಕೊನೆಗೆ, ನೀವು ಕೇಳದಿದ್ದರೂ ಹೇಳಬೇಕಾದದ್ದು: ತಂದೆತಾಯಿಯ ರಕ್ತದಲ್ಲಿ ಈ ಬದಲಾವಣೆ ಸಿಗಲಿಲ್ಲವೆಂದರೆ ಅದು ಮಗುವಿನಲ್ಲೇ ಹೊಸದಾಗಿ ಬಂದಿರಬಹುದು. ಆದರೆ ಒಬ್ಬರ ಅಂಡಾಣು ಅಥವಾ ವೀರ್ಯಾಣುಗಳಲ್ಲಿ ಕೆಲವಕ್ಕೆ ಮಾತ್ರ ಅದು ಇರುವ ಸಾಧ್ಯತೆಯೂ ಇದೆ, ರಕ್ತಪರೀಕ್ಷೆ ಅದನ್ನು ತಪ್ಪಿಸಿಬಿಡಬಹುದು. ಇನ್ನೊಂದು ಮಗುವಿನ ಯೋಚನೆಯಿದ್ದರೆ, ಬಸಿರಾಗುವ ಮುಂಚೆಯೇ ಈ ವರದಿ ಹಿಡಿದು ಜೆನೆಟಿಕ್ಸ್ ವೈದ್ಯರ ಹತ್ತಿರ ಮಾತಾಡಿ.